ಸ್ಟ್ಯಾಂಡೆನ್‌ಗೆ ಹೋಗುವವರು ಬಸ್ಸನ್ನು ನಂಬಬೇಡಿ

ಸ್ಟ್ಯಾಂಡೆನ್ ಅಂದರೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಪೇಟೆಯ ಹತ್ತಿರ ಇರುವ, ಜನ ನೋಡಲು ಹೋಗುವ ಒಂದು ಹಳೆ ಮನೆ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿವರೆಗೆ ಆರಾಮ. ಆಮೇಲೆ ಬಸ್ಸಿಗೆ ನಾನೂ ಅಮ್ಮನೂ 50 ನಿಮಿಷ ಕಾದೆವು. ಬರಲೇ ಇಲ್ಲ. ಮುಂದಿನ ಬಸ್ಸಿಗೆ ಇನ್ನೂ ಎರಡು ಗಂಟೆ. ಚಳಿಗೆ ಅಮ್ಮನ ಮಂಡಿ ಹಿಡಿದುಕೊಂಡಿತು. ಕೊನೆಗೆ ಹಿಡಿದ ಟ್ಯಾಕ್ಸಿಯವನು ಮೂರು ಚಿಲ್ಲರೆ ಕಿಲೋಮೀಟರಿಗೆ 18 ಪೌಂಡ್ ತೆಗೆದುಕೊಂಡ. ಬಾಡಿಗೆ ಕೇಳಿಕೊಂಡೇ ಹತ್ತಿ. ವಯಸ್ಸಾದವರು ಜೊತೆಗಿದ್ದರೆ ಬಸ್ಸಿನ ಯೋಚನೆಯೇ ಬೇಡ.

ಬಸ್ ತಪ್ಪಿದ್ದರಿಂದ ಒಂದು ಒಳ್ಳೆಯದಾಯಿತು. ಹೈ ಸ್ಟ್ರೀಟಿನ ಹಳೆ ಮರದ ಕಟ್ಟಡಗಳ ಸಾಲಿನ ಹತ್ತಿರ ಐದೇ ಮೇಜಿನ ಒಂದು ಚಿಕ್ಕ ಹೋಟೆಲ್ ಸಿಕ್ಕಿತು. ಸಿಪ್ಪೆ ಗರಿಗರಿಯಾಗುವವರೆಗೆ ಸುಟ್ಟ ದೊಡ್ಡ ಆಲೂಗಡ್ಡೆ. ನಡುವೆ ಸೀಳಿ ಬೆಣ್ಣೆ ಹಾಕಿ, ಮೇಲೆ ಬಿಸಿ ಬೀನ್ಸ್, ತುರಿದ ಚೀಸ್. ಹಬೆಯಾಡುತ್ತಿತ್ತು. ಹಸಿಮೆಣಸಿನಕಾಯಿ ಇದೆಯಾ ಅಂತ ಅಮ್ಮ ಕೇಳಿದರು. ಹೋಟೆಲಿನ ಹೆಂಗಸು ಒಳಗೆ ಹುಡುಕಿ ಎರಡು ತಂದುಕೊಟ್ಟರು! ಒಂದು ಆಲೂಗಡ್ಡೆ ಇಬ್ಬರ ಹೊಟ್ಟೆ ತುಂಬಿಸಿತು. ಸಸ್ಯಾಹಾರಿಗಳು ಪೇಟೆಯಲ್ಲೇ ಊಟ ಮುಗಿಸಿಕೊಂಡು ಹೋಗಿ.

ಮನೆ ಕಂಡಾಗ ಅಮ್ಮ ಕೇಳಿದರು, "ಇದು ಒಂದು ಮನೆಯೋ, ನಾಲ್ಕು ಮನೆಯೋ?" ಹಾಗೇ ಕಾಣುತ್ತದೆ. ಒಂದು ಕಡೆ ಇಟ್ಟಿಗೆ, ಒಂದು ಕಡೆ ಕಲ್ಲು, ಒಂದು ಕಡೆ ಒರಟು ಗಾರೆ, ಇನ್ನೊಂದು ಕಡೆ ಮರದ ಹಲಗೆ. ಮೇಲಿನ ಗೋಡೆಗೆ ಹಂಚು ಹೊದಿಸಿದ್ದಾರೆ, ಮಳೆ ಒಳಗೆ ಇಳಿಯದ ಹಾಗೆ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಗೋಡೆಗೆ ಸೋಗೆ ಕಟ್ಟುತ್ತೇವಲ್ಲ, ಅದೇ ಬುದ್ಧಿ. ವಾಸ್ತುಶಿಲ್ಪಿ ಫಿಲಿಪ್ ವೆಬ್ ಇದನ್ನು ಲಂಡನ್ನಿನ ವಕೀಲ ಜೇಮ್ಸ್ ಬೀಲ್ ಅವರಿಗಾಗಿ 1891ರಿಂದ 1894ರ ನಡುವೆ ಕಟ್ಟಿಸಿದರು. ಹಿಂದಿನ ಗುಡ್ಡದಿಂದಲೇ ಕಲ್ಲು ತೆಗೆಸಿದರು. ಅಲ್ಲಿದ್ದ ಹಳೆ ರೈತರ ಮನೆಯನ್ನು ಕೆಡವದೆ, ಅದರ ಜೊತೆ ಹೊಂದುವ ಹಾಗೆ ಹೊಸದನ್ನು ಕಟ್ಟಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಒಳಗೆ ಹೋಗುವ ಮುಂಚೆ ಆ ಹಳೆ ಮನೆಯ ಹತ್ತಿರ ಐದು ನಿಮಿಷ ನಿಂತು ನೋಡಿ.

ಒಳಗಡೆ ದೀಪಗಳನ್ನು ನೋಡದೆ ಬಿಡಬೇಡಿ. ಕಟ್ಟುವಾಗಲೇ ಕರೆಂಟ್ ಹಾಕಿದ ಮನೆ ಇದು. ಡ್ರಾಯಿಂಗ್ ರೂಮಿನ ಗೋಡೆದೀಪಗಳ ಹಿಂದೆ ಸೂರ್ಯಕಾಂತಿ ಬಡಿದು ಮೂಡಿಸಿದ ತಾಮ್ರದ ತಗಡುಗಳಿವೆ. ಅಮ್ಮನಿಗೆ ಮನೆಯ ಹಂಡೆ ನೆನಪಾಯಿತು. ಆ ಕಾಲದ ಹೆಸರಾಂತ ವಿನ್ಯಾಸಕಾರ ವಿಲಿಯಂ ಮಾರಿಸ್‌ ಅವರ ಗೋಡೆ ಕಾಗದಗಳೂ ಇವೆ. 'ಟ್ರೆಲಿಸ್' ಅಂತ ಒಂದು ವಿನ್ಯಾಸ. ಗುಲಾಬಿ ಬಳ್ಳಿ ಮಾರಿಸ್‌ ಅವರದು, ಅದರೊಳಗಿನ ಹಕ್ಕಿಗಳನ್ನು ಬರೆದದ್ದು ಇದೇ ವೆಬ್.

ಮಧ್ಯಾಹ್ನ ಕೆಳಗಿನ ಕೋಣೆಗಳಲ್ಲಿ ಜನ ಜಾಸ್ತಿ. ನನಗೆ ನೂಕುನುಗ್ಗಲು ಆಗದು, ಅದಕ್ಕೆ ಮೊದಲು ಮೇಲೆ ಹತ್ತಿದೆವು. ನೀವೂ ಹಾಗೇ ಮಾಡಿ. ವಾಪಸ್ ಟ್ಯಾಕ್ಸಿಗೆ ಪೇಟೆಯಲ್ಲೇ ಹೇಳಿಟ್ಟಿರಿ. ನನ್ನ ಫೋನಿಗೆ ಅಲ್ಲಿ ಸಿಗ್ನಲ್ ಸಿಗಲೇ ಇಲ್ಲ.