ಕಾಸರಕೋಡಿಗೆ ಐದು ಸಲ: ಯಾವ ತಿಂಗಳು, ಎಷ್ಟು ಹೊತ್ತಿಗೆ?

ಹೊನ್ನಾವರದ ಆಚೆ ಕಾಸರಕೋಡಿನ ಇಕೋ ಬೀಚಿಗೆ ಯಾವಾಗ ಹೋಗುವುದು ಒಳ್ಳೆಯದು ಎಂದು ಯಾರನ್ನೇ ಕೇಳಿ, ಉತ್ತರ ಒಂದೇ: 'ಅಕ್ಟೋಬರ್‌ನಿಂದ ಮಾರ್ಚ್'. ಶಿರಸಿಯ ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ನಾನೂ ಇದನ್ನೇ ಹೇಳುತ್ತಿದ್ದೆ. 2024ರ ಜುಲೈಯಿಂದ 2025ರ ಮೇ ತನಕ ಐದು ಸಲ ಘಟ್ಟ ಇಳಿದು ಅದೇ ಗಾಳಿಮರದ ತೋಪಿನಲ್ಲಿ ಕೂತು ಬಂದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಈಗ ಯಾರಾದರೂ ಕೇಳಿದರೆ, 'ತಿಂಗಳು ಆಮೇಲೆ ನೋಡೋಣ, ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪ್ತೀರಿ ಅದನ್ನು ಮೊದಲು ಹೇಳಿ' ಅನ್ನುತ್ತೇನೆ.

ಐದು ಸಲ ಹೋಗುವಂಥದ್ದು ಅಲ್ಲಿ ಏನಿದೆ ಎಂದರೆ, ಸೋದರಮಾವನ ಮನೆ ಇದೆ. ಶರಾವತಿ ಸೇತುವೆ ದಾಟಿದರೆ ಆಯಿತು. ಬೀಚಂತೂ ಚೆಂದ. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ಒಟ್ಟಿಗೆ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಅಂತರರಾಷ್ಟ್ರೀಯ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತಲ್ಲ, ಅದರಲ್ಲಿ ಕರ್ನಾಟಕದ್ದು ಎರಡೇ: ಪಡುಬಿದ್ರಿ ಮತ್ತು ಇದು.

ಮೊದಲ ಸಲ ಹೋದದ್ದು ಜುಲೈ ಮೊದಲ ವಾರ. ಕೊಡೆ ಹಿಡಿದು ಅಂಗಳದಲ್ಲಿ ನಿಂತವನನ್ನು ನೋಡಿ ಮಾವ, "ಈ ಮಳೇಲಿ ಸಮುದ್ರ ನೋಡೂಲೆ ಬಂದ್ಯನಾ ತಮಾ?" ಎಂದು ನಕ್ಕ. ನಗುವಂಥದ್ದೇ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ನೀರು ಇಲ್ಲಿ ಹೆಚ್ಚುಕಡಿಮೆ ಜುಲೈ ಒಂದರಲ್ಲೇ ಬಂದು ಹೋಗುತ್ತದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ಕಡಲು ನೀಲಿ ಇರುವುದಿಲ್ಲ, ಕೆಸರುಗೆಂಪು. ತೆರೆಯ ಸದ್ದು ಮನೆಯೊಳಗೆ ಮಲಗಿದವರ ಕಿವಿಗೂ ಬರುತ್ತದೆ. ನೀರಿಗಿಳಿಯುವ ಮಾತಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಆದರೂ ದೂರ ನಿಂತು ನೋಡುವುದೇ ಸಾಕು ಅನ್ನುವವರಿಗೆ ಇಷ್ಟು ದೊಡ್ಡ ಕಡಲು ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ. ನನಗಂತೂ ಐದರಲ್ಲಿ ಇಷ್ಟವಾದದ್ದು ಇದೇ.

ಜುಲೈಯಲ್ಲಿ ಹೆದರಬೇಕಾದದ್ದು ಕಡಲಿಗಿಂತ ದಾರಿಗೆ. ನಾನು ವಾಪಸ್ ಬಂದು ಹೆಚ್ಚು ದಿನವಾಗಿರಲಿಲ್ಲ, ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನ, ಜನ ಎಲ್ಲವೂ ಗಂಗಾವಳಿ ಪಾಲಾಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಹಾಗಾಗಿ ಮಳೆಗಾಲದಲ್ಲಿ ಬರುವವರು ರೈಲಿನಲ್ಲಿ ಹೊನ್ನಾವರ ನಿಲ್ದಾಣಕ್ಕೆ ಬರುವುದೇ ವಾಸಿ. ಕೊಂಕಣ ರೈಲು ಮಳೆಗಾಲದಲ್ಲಿ ವೇಗ ಇಳಿಸಿ ಬೇರೆ ವೇಳಾಪಟ್ಟಿ ಇಟ್ಟುಕೊಳ್ಳುತ್ತದೆ, ಟಿಕೆಟ್ ಮಾಡಿಸುವಾಗ ನೋಡಿಕೊಳ್ಳಿ. ಶಿರಸಿ ಕಡೆಯಿಂದ ಇಳಿಯುವವರಿಗೆ ದೇವಿಮನೆ ಘಟ್ಟ ಹತ್ತಿರದ್ದು, ಆದರೆ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದೇ ಇದೆ. ಹೊರಡುವ ಬೆಳಿಗ್ಗೆ ಕುಮಟಾದಿಂದ ಬಂದ ಬಸ್ಸಿನವರನ್ನು ಒಂದು ಮಾತು ಕೇಳಿ. ಇಲ್ಲವಾದರೆ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಸುತ್ತು ಹಾಕಿ.

ಎಚ್ಚರಿಕೆಯ ಬಣ್ಣಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ 'ಭಾರಿ', 115.6ರಿಂದ 'ಅತಿ ಭಾರಿ', 204.5 ದಾಟಿದರೆ 'ಅತ್ಯಧಿಕ ಭಾರಿ'. ಇಂಥ ಮಳೆಯ ಮುನ್ಸೂಚನೆ ನೋಡಿಯೇ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತಾರೆ. ಹಳದಿಗೆ ಇಲ್ಲಿಯವರು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿತ್ತಳೆ ಇದ್ದರೆ ಘಟ್ಟವನ್ನು ಹಗಲಲ್ಲೇ ದಾಟಿ. ಕೆಂಪು ಇದ್ದರೆ ಮನೆಯಲ್ಲಿರಿ. ಇನ್ನೊಂದು, ಪೇಪರಿನಲ್ಲಿ ಬರುವ 'ಇಂದಿನ ಮಳೆ' ನಿಜಕ್ಕೂ ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30ರ ತನಕದ್ದು. ಅದನ್ನು ನೋಡಿ ಹೊರಡುವವರು ನಿನ್ನೆಯ ಮಳೆಗೆ ಕೊಡೆ ಹಿಡಿದ ಹಾಗೆ.

ಅಕ್ಟೋಬರ್‌ನಲ್ಲಿ ಬೆಳಗು ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನ ಮೂರರ ಮೇಲೆ ಘಟ್ಟದ ತಲೆಯ ಮೇಲೆ ಮೋಡ ಕಟ್ಟಿತು, ಐದಕ್ಕೆ ಮೂಡಣದಿಂದ ಗುಡುಗು ಇಳಿದು ಬಂತು. ಚಿತ್ತೆ, ಸ್ವಾತಿ ಮಳೆಯ ಚಾಳಿಯೇ ಇದು. ಕಡಲ ಕಡೆ ಮುಖ ಮಾಡಿ ಕೂತವರಿಗೆ ಬೆನ್ನ ಹಿಂದೆ ಏನು ಬರುತ್ತಿದೆ ಗೊತ್ತಾಗುವುದೇ ಇಲ್ಲ, ಸೂರ್ಯಾಸ್ತಕ್ಕೆಂದು ಕಾದವರೆಲ್ಲ ನೆನೆದು ತೊಪ್ಪೆ. ಮಿಂಚು ಶುರುವಾದ ಮೇಲೆ ಗಾಳಿಮರದ ಬುಡದಲ್ಲಿ ನಿಲ್ಲಬೇಡಿ, ಕಾರಿನೊಳಗೆ ಹೋಗಿ ಕೂರಿ. ಅಕ್ಟೋಬರ್ ಎಂದರೆ ಮಳೆ ಮುಗಿಯಿತು ಎಂಬ ಭರವಸೆಯೂ ಬೇಡ. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದದ್ದು 2009ರ ಗಾಂಧಿ ಜಯಂತಿಯಂದು. 2019ರಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತ ಎದ್ದವು, ಅದರಲ್ಲಿ 'ಕ್ಯಾರ್' ಬಂದದ್ದು ಅಕ್ಟೋಬರ್ ಕೊನೆಗೆ. ಹಿಂದೆಲ್ಲ ಚಂಡಮಾರುತವೆಂದರೆ ಬಂಗಾಳಕೊಲ್ಲಿಯ ಪಾಡು ಅಂದುಕೊಂಡಿದ್ದೆವು. ನಮ್ಮ ಬದಿಯ ನೀರೂ ಬಿಸಿಯಾಗುತ್ತಾ ಬಂದಿದೆ.

ಡಿಸೆಂಬರ್ ಮೊದಲ ವಾರಕ್ಕೆ ಮನೆಮಂದಿಯೆಲ್ಲ ಸೇರಿ ಹೋಗುವುದೆಂದು ಒಂದು ಹೋಂಸ್ಟೇಗೆ ಮುಂಗಡ ಕೊಟ್ಟೆ. ಅತ್ತ ಪುದುಚೇರಿ ಬಳಿ ನವೆಂಬರ್ 30ಕ್ಕೆ ದಡ ಸೇರಿದ 'ಫೆಂಗಲ್' ಚಂಡಮಾರುತದ ಶೇಷ ಘಟ್ಟ ಹಾರಿ ಇತ್ತ ಬಂತು, ಕರಾವಳಿಯಲ್ಲಿ ಜುಲೈ ನೆನಪಾಗುವ ಮಳೆ. ಮುಂಗಡ ವಾಪಸ್ ಬರಲಿಲ್ಲ. 'ಡಿಸೆಂಬರ್‌ನಲ್ಲಿ ಮಳೆ ಬರೂದಿಲ್ಲ ಸಾರ್' ಎಂದು ಮಾಲಕರು ಮಳೆ ಸುರಿಯುವಾಗಲೇ ಫೋನಿನಲ್ಲಿ ವಾದಿಸಿದರು. ಹವಾಮಾನದ ಕಾರಣಕ್ಕೆ ದಿನ ಬದಲಿಸಿಕೊಡುತ್ತೀರಾ ಎಂದು ದುಡ್ಡು ಕಳಿಸುವ ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಒಂದು ವಾರ ಬಿಟ್ಟು ಮಾವನ ಮನೆಗೇ ಹೋದೆವು. ಬೆಳಗಿನ ಚಳಿ, ತಿಳಿ ಆಕಾಶ, ಕಡಲು ಕೆರೆಯಂತೆ. ಅದೇ ವಾರ, 10ನೇ ತಾರೀಖು, ಅರ್ಧ ಗಂಟೆ ದೂರದ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾಗಿದ್ದರು. ಮಳೆಯಿಲ್ಲ, ಗಾಳಿಯಿಲ್ಲ, ಆದರೂ ಸೆಳೆತ ಇರುತ್ತದೆ. ಎರಡೂ ಕಡೆ ತೆರೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಒಡೆಯದೆ ಶಾಂತವಾಗಿ ಕಂಡರೆ, ನೀರು ವಾಪಸ್ ಓಡುವ ದಾರಿ ಅದೇ ಇರಬಹುದು. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬನ್ನಿ. ಇದಕ್ಕಿಂತ ಒಳ್ಳೆಯದು, ಜೀವರಕ್ಷಕರು ಬೇಡ ಎಂದ ಕಡೆ ಇಳಿಯದಿರುವುದು.

ನನ್ನ ನಂಬಿಕೆಯನ್ನು ಪೂರ್ತಿ ಮಗುಚಿ ಹಾಕಿದ್ದು ಫೆಬ್ರವರಿ. ತಿಂಗಳ ಕೊನೆ, ಬೆಳಿಗ್ಗೆ ಹತ್ತೂವರೆ. ತಿಂಡಿ ಮುಗಿಸಿ ಬೀಚಿಗೆ ಹೊರಟರೆ ಮಾವ ತಡೆದ. "ಮೂಡುಗಾಳಿ ಬಿಟ್ಟಿದ್ದಿಲ್ಲೆ ಇನ್ನೂ. ಪಡುಗಾಳಿ ಬರ್ಲಿ, ಆಮೇಲೆ ಹೋಪನ." ನಾನು ಕೇಳಲಿಲ್ಲ. ಹನ್ನೆರಡಕ್ಕೆ ಮರಳು ಚಪ್ಪಲಿಯ ಮೇಲಿಂದಲೂ ಸುಡುತ್ತಿತ್ತು. ಎದುರಿಗೇ ಕಡಲಿದ್ದೂ ಮುಖಕ್ಕೆ ಬಡಿಯುತ್ತಿದ್ದುದು ಒಲೆಯ ಝಳ. ಮಕ್ಕಳು ಕೂತಲ್ಲೇ ಮಂಕಾದರು. ಎರಡು ಎಳನೀರು ಕುಡಿದು ಮನೆ ಸೇರಿದೆವು. ಆ ಫೆಬ್ರವರಿ, 1901ರಿಂದ ಈಚೆಗೆ ದೇಶ ಕಂಡ ಅತಿ ಬಿಸಿಯ ಫೆಬ್ರವರಿ ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು.

ಮಾವ ಹೇಳಿದ್ದು ಬರೀ ಹಳಬರ ಮಾತಲ್ಲ. ಮಾಮೂಲಿ ದಿನಗಳಲ್ಲಿ ಹೊತ್ತೇರಿ ನೆಲ ಕಾದ ಹಾಗೆ ಕಡಲ ಮೇಲಿನ ತಂಪು ಗಾಳಿ, ಅಂದರೆ ಪಡುಗಾಳಿ, ಒಳಕ್ಕೆ ನುಗ್ಗುತ್ತದೆ, ಮಧ್ಯಾಹ್ನದೊಳಗೆ ಕರಾವಳಿಯ ಶಾಖಕ್ಕೆ ಅದೇ ಲಗಾಮು. ಫೆಬ್ರವರಿ, ಮಾರ್ಚಿನಲ್ಲಿ ಒಳನಾಡಿನ ಒಣಗಾಳಿ ಘಟ್ಟ ಇಳಿದು ಬರುತ್ತದೆ, ಇಳಿಯುತ್ತಾ ಒತ್ತಿ ಇನ್ನಷ್ಟು ಕಾಯುತ್ತದೆ. ಅದು ಜೋರಾಗಿದ್ದ ದಿನ ಪಡುಗಾಳಿ ಬಾಗಿಲಲ್ಲೇ ನಿಲ್ಲುತ್ತದೆ. ಎರಡು, ಮೂರು ಗಂಟೆ ಆದರೂ ಒಳಗೆ ಬರುವುದಿಲ್ಲ, ಅಷ್ಟರಲ್ಲಿ ಪಾದರಸ 37, 38ಕ್ಕೆ ಹೋಗಿರುತ್ತದೆ. ಬಯಲುಸೀಮೆಯಲ್ಲಿ 40 ಮುಟ್ಟದೆ ಬಿಸಿಗಾಳಿ ಎಂದು ಘೋಷಿಸುವುದಿಲ್ಲ, ಕರಾವಳಿಗೆ 37 ಆಗಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿದರೆ ಸಾಕು. ರಾಯಚೂರಿನವರು ನಗಬಹುದು, ನಗಲಿ. ಮೇ ತಿಂಗಳಲ್ಲಿ ಬೆವರು ಹರಿದರೂ ಬೆಳಗಿನಿಂದ ಪಡುಗಾಳಿ ಇರುತ್ತದೆ, ಮೋಡವೂ ಇರುತ್ತದೆ. ಫೆಬ್ರವರಿಯ ಮಧ್ಯಾಹ್ನಕ್ಕೆ ಅದೂ ಇಲ್ಲ. ಮೊಬೈಲಿನಲ್ಲಿ ಉಷ್ಣಾಂಶ ನೋಡುವ ಬದಲು ಗಾಳಿಯ ದಿಕ್ಕು ನೋಡಿ, ಬೆಳಿಗ್ಗೆ ಹತ್ತಕ್ಕೂ ಪೂರ್ವದ ಗಾಳಿಯೇ ಇದ್ದರೆ ಬೀಚನ್ನು ನಾಲ್ಕರ ಮೇಲೆ ಇಟ್ಟುಕೊಳ್ಳಿ.

ಹಾಗೆಂದು ಆ ತಿಂಗಳನ್ನು ಬಿಡಬೇಕಿಲ್ಲ. ಆರಕ್ಕೆ ಎದ್ದರೆ ಬೆಳಗು ನಿಮ್ಮದೇ. ಶರಾವತಿ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿ ಇದೆ, ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಮೇಲೆದ್ದ ಉಸಿರು ಬೇರು, ಏಡಿ ಎಲ್ಲ ಕಾಣುತ್ತವೆ. ಕಾಸರಕೋಡಿನ ಟೊಂಕದ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡುವ ಕಾಲವೂ ಇದೇ. ಅರಣ್ಯ ಇಲಾಖೆ ಬೇಲಿ ಹಾಕಿದ್ದು ಕಂಡರೆ ದೂರವಿರಿ, ರಾತ್ರಿ ಟಾರ್ಚ್ ಬೇಡ. ಈ ಆಮೆಗಳ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ, ಕಾದಷ್ಟೂ ಹೆಣ್ಣು ಜಾಸ್ತಿ. ನಮ್ಮ ಕಾಲು ಸುಟ್ಟ ಮರಳಿನ ಅಡಿಯಲ್ಲಿ ಆ ಲೆಕ್ಕವೂ ನಡೆದಿತ್ತಲ್ಲ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಕೊನೆಯ ಸಲ ಮೇ ನಾಲ್ಕನೇ ವಾರ. ಮಕ್ಕಳ ರಜೆ ಮುಗಿಯುವ ಮೊದಲು ಎರಡು ದಿನ ಎಂದು ಹೋದದ್ದು. ಕೇರಳಕ್ಕೆ ಜೂನ್ 1ಕ್ಕೆ ಬರಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಬಂತು. 26ಕ್ಕೆ ಮುಂಬಯಿ ಮುಟ್ಟಿತ್ತು, ಅಲ್ಲಿಗೆ ವಾಡಿಕೆ ದಿನ ಜೂನ್ 11. ನಡುವೆ ನಾವು. ಅದಕ್ಕೂ ಎರಡು ವರ್ಷ ಹಿಂದೆ, 2023ರಲ್ಲಿ, 'ಬಿಪರ್‌ಜೋಯ್' ಚಂಡಮಾರುತ ಎದ್ದು ಕೇರಳಕ್ಕೇ ಜೂನ್ 8ರ ತನಕ ಕಾಯಿಸಿದ್ದೂ ಇದೇ ಮುಂಗಾರು. 'ಮೇ ಕೊನೆ ತನಕ ಅಡ್ಡಿಲ್ಲ' ಅನ್ನುವ ಧೈರ್ಯವನ್ನು ನಾನಂತೂ ಇನ್ನು ಮಾಡುವುದಿಲ್ಲ. ಮೇ 15 ದಾಟಿದರೆ ಬದಲಾಯಿಸಬಹುದಾದ ಟಿಕೆಟ್ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗಾಳಿ ಇಲ್ಲದೆಯೇ ತೆರೆ ಏಕಾಏಕಿ ದಡ ಹತ್ತುವ 'ಕಳ್ಳಕಡಲು' ಎಚ್ಚರಿಕೆಯೂ ಬರುತ್ತದೆ, ದಕ್ಷಿಣದ ದೂರದ ಸಾಗರದಲ್ಲಿ ಎದ್ದು ಇಲ್ಲಿಯ ತನಕ ಬರುವ ಅಲೆ ಅದು. ಅಂಥ ದಿನ ಚಾಪೆಯನ್ನು ತೋಪಿನೊಳಗೆ ಹಾಸಿ.

ನಾವು ಹಾಸಿದ್ದ ಚಾಪೆ ಅಲ್ಲೇ ನೆನೆಯಿತು. ಒಣಗಿಸಲು ಮಾವನ ಜಗಲಿಯಲ್ಲಿ ಬಿಟ್ಟು ಬಂದದ್ದು, ಜೂನ್ ಕಳೆದರೂ ಒಣಗಲಿಲ್ಲವಂತೆ.