ಫಿಕ್ಸ್ ಮಾಡೋದಾ, ಬಿಡೋದಾ? ಇಂಗ್ಲೆಂಡಿನ ಕರೆಂಟ್, ಗ್ಯಾಸ್ ಬಿಲ್ಲಿನ ಲೆಕ್ಕ

"ಅಕ್ಕಾ, ಅಕ್ಟೋಬರ್‌ನಿಂದ ಮತ್ತೆ ರೇಟ್ ಏರುತ್ತಂತೆ, ಫಿಕ್ಸ್ ಮಾಡಿಬಿಡ್ಲಾ?"

2025ರ ಅಕ್ಟೋಬರ್‌ಗೆ ಮುಂಚೆ ಹೀಗೆ ಫೋನ್ ಮಾಡಿದ ಹುಡುಗಿ ಇಂಗ್ಲೆಂಡಿಗೆ ಬಂದು ಆಗ ಇನ್ನೂ ಒಂದು ವರ್ಷ ಆಗಿರಲಿಲ್ಲ. ಹಾಸನದವಳು, ಇಲ್ಲೇ ರೆಡಿಂಗ್‌ನಲ್ಲಿ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಳು. ಪೇಪರಿನಲ್ಲಿ 1,755 ಪೌಂಡ್ ಅನ್ನೋ ಅಂಕಿ ನೋಡಿ ಗಾಬರಿಯಾಗಿದ್ದಳು. ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ಹೊಸದಾಗಿ ಬಂದ ನಮ್ಮವರು ತುಂಬಾ ಜನ ಇದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಒಂದು ಸಲ ಪೂರ್ತಿಯಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಊರಿನಲ್ಲಿ ನಮಗೆ ಈ ಆಯ್ಕೆಯೇ ಇಲ್ಲ ನೋಡಿ. ಬೆಸ್ಕಾಂ ಆಗಲಿ ಚೆಸ್ಕಾಂ ಆಗಲಿ, ಕೆಇಆರ್‌ಸಿ ಹೇಳಿದ ದರ, ಅಷ್ಟೇ. 2023ರಿಂದ ಗೃಹಜ್ಯೋತಿ ಬಂದ ಮೇಲೆ ಅಮ್ಮನ ಮನೆಯ ಬಿಲ್ ಸೊನ್ನೆ. ಇಲ್ಲಿ ಹಾಗಲ್ಲ. ಯಾವ ಕಂಪನಿ, ಯಾವ ದರ, ಎಷ್ಟು ತಿಂಗಳಿಗೆ, ಎಲ್ಲಾ ನಾವೇ ಆರಿಸಬೇಕು. ಒಂದು ದರವನ್ನು ಇಷ್ಟು ತಿಂಗಳಿಗೆ ಅಂತ ಕಟ್ಟಿಹಾಕಿಕೊಳ್ಳೋದೇ ಫಿಕ್ಸ್. ಸುಮ್ನೆ ಬಿಟ್ಟರೆ ವೇರಿಯಬಲ್, ಅಂದರೆ ಏರಿಳಿಯುವ ದರಕ್ಕೆ ಬೀಳುತ್ತೇವೆ. ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆ ಅದಕ್ಕೊಂದು ಮೇಲ್ಮಿತಿ ಹಾಕಿದೆ, ಎಲ್ಲರೂ ಪ್ರೈಸ್ ಕ್ಯಾಪ್ ಅನ್ನೋದು ಅದನ್ನೇ. 2019ರ ಜನವರಿಯಲ್ಲಿ ಶುರುವಾಯಿತು. ಈಗ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್.

ಮೊದಲ ಗೊಂದಲ ಈ ಕ್ಯಾಪ್ ಅನ್ನೋ ಮಾತಿನಲ್ಲೇ ಇದೆ. 1,755 ಪೌಂಡ್ ಅಂದರೆ ನಿಮ್ಮ ಬಿಲ್ ಅದಕ್ಕಿಂತ ಮೇಲೆ ಹೋಗುವುದಿಲ್ಲ ಅಂತಲ್ಲ. ವರ್ಷಕ್ಕೆ 2,700 ಯೂನಿಟ್ ಕರೆಂಟ್, 11,500 ಯೂನಿಟ್ ಗ್ಯಾಸ್ (ಎರಡಕ್ಕೂ ಯೂನಿಟ್ ಅಂದರೆ ಕಿಲೋವ್ಯಾಟ್ ಅವರ್) ಸುಡುವ, ಬ್ಯಾಂಕಿನಿಂದ ತಾನಾಗೇ ಕಡಿತವಾಗುವ ಡೈರೆಕ್ಟ್ ಡೆಬಿಟ್‌ನಲ್ಲಿ ಕಟ್ಟುವ ಒಂದು ಸಾಧಾರಣ ಮನೆಗೆ ಎಷ್ಟಾಗುತ್ತದೆ ಅನ್ನೋ ಲೆಕ್ಕ ಅದು. ನಿಜವಾಗಿ ಮಿತಿ ಇರುವುದು ಯೂನಿಟ್ಟಿನ ದರಕ್ಕೆ, ಮತ್ತೆ ದಿನಕ್ಕಿಷ್ಟು ಅಂತ ಹಾಕುವ ಸ್ಟ್ಯಾಂಡಿಂಗ್ ಚಾರ್ಜಿಗೆ. ಜಾಸ್ತಿ ಸುಟ್ಟರೆ ಜಾಸ್ತಿ ಬಿಲ್. ಫಿಕ್ಸ್ ಅನ್ನೋದೂ ಹೀಗೇ. ಫಿಕ್ಸ್ ಆಗೋದು ದರ, ಬಿಲ್ ಅಲ್ಲ. ಮೈಸೂರಿನಿಂದ ಅತ್ತೆ ಮಾವ ಬಂದು ಎರಡು ತಿಂಗಳು ಇದ್ದ ಚಳಿಗಾಲದಲ್ಲಿ ನಮ್ಮದು ಫಿಕ್ಸೇ ಇತ್ತು, ಆದರೂ ಬಿಲ್ ಏರಿತು. ಏರಲೇಬೇಕಲ್ವಾ, ಬೆಳಗಿನಿಂದ ರಾತ್ರಿಯವರೆಗೂ ಹೀಟಿಂಗ್ ಹಾಕಿದ್ದೆವು. ವಯಸ್ಸಾದವರು ಚಳಿಯಲ್ಲಿ ನಡುಗೋದು ನನಗೆ ಬೇಡವಾಗಿತ್ತು.

ನಮ್ಮ ಮನೆಯ ಕಥೆ ಹೇಳುತ್ತೇನೆ.

2020ರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷಕ್ಕೆ ಫಿಕ್ಸ್ ಮಾಡಿದ್ದೆವು. ಒಳ್ಳೆ ದರ. 2021ರ ಸೆಪ್ಟೆಂಬರಿನಲ್ಲಿ ಆ ಕಂಪನಿಯೇ ಮುಚ್ಚಿಹೋಯಿತು. 2021, 22ರಲ್ಲಿ ಹೀಗೆ ಮುಚ್ಚಿದ ಕಂಪನಿಗಳು ಸುಮಾರು 30. ಗ್ಯಾಸಿನ ಸಗಟು ಬೆಲೆ ಏರಿತು, ಗ್ರಾಹಕರಿಗೆ ಅಗ್ಗದ ದರ ಒಪ್ಪಿಕೊಂಡಾಗಿತ್ತು, ಮುಂದಿನ ತಿಂಗಳುಗಳಿಗೆ ಬೇಕಾದ ಗ್ಯಾಸನ್ನು ಮೊದಲೇ ಕೊಂಡಿಡದಿದ್ದವರು ಉಳಿಯಲಿಲ್ಲ. ನಾವು ಮುಂಗಡ ಕಟ್ಟಿದ್ದ ದುಡ್ಡಿಗೆ ಏನೂ ಆಗಲಿಲ್ಲ, ಅದಕ್ಕೆ ಆಫ್‌ಜೆಮ್ ರಕ್ಷಣೆ ಇದೆ. ಆದರೆ ಫಿಕ್ಸ್ ದರ ಹೋಯಿತು. ನಮ್ಮನ್ನು ಬೇರೆ ಕಂಪನಿಗೆ ಸೇರಿಸಿ ಕ್ಯಾಪ್ ದರಕ್ಕೆ ಹಾಕಿದರು. ಅಲ್ಲಿಗೇ ನಿಲ್ಲಲಿಲ್ಲ, 2022ರ ಏಪ್ರಿಲ್‌ನಲ್ಲಿ ಕ್ಯಾಪ್ 1,277ರಿಂದ 1,971 ಪೌಂಡ್‌ಗೆ ಹಾರಿತು. ಒಂದೇ ಏಟಿಗೆ ನೂರಕ್ಕೆ 54.

ಆ ವರ್ಷದ ಆಗಸ್ಟ್ ನನಗೆ ಇನ್ನೂ ಮರೆತಿಲ್ಲ. ಅಕ್ಟೋಬರ್‌ನಿಂದ ಕ್ಯಾಪ್ 3,549 ಅಂತ ಹೇಳಿದರು. ಜನವರಿಗೆ ಇನ್ನೂ ಮೇಲೆ ಅಂತ ಸುದ್ದಿ. ನಮ್ಮ ಕಂಪನಿ ಒಂದು ಫಿಕ್ಸ್ ಕೊಟ್ಟಿತ್ತು, ಕರೆಂಟ್ ಯೂನಿಟ್ಟಿಗೆ 56 ಪೆನ್ಸ್, ಗ್ಯಾಸ್ 17. ಒಂದು ವರ್ಷಕ್ಕೆ. ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು, ಇವರು ಲ್ಯಾಪ್‌ಟಾಪ್ ಮುಂದೆ ಕೂತು ಒಪ್ಪಿಕೊಳ್ಳೋದಾ ಬೇಡವಾ ಅಂತ ಹನ್ನೆರಡು ಗಂಟೆಯವರೆಗೆ ಮಾತಾಡಿದ್ದೇವೆ. ಇವರು ಇನ್ನೊಂದು ವಾರ ತಡೆಯೋಣ ಅಂದರು, ಸರ್ಕಾರ ಏನಾದರೂ ಮಾಡಲೇಬೇಕು ಅನ್ನೋದು ಇವರ ನಂಬಿಕೆ. ಸೆಪ್ಟೆಂಬರ್ 8ಕ್ಕೆ ಸರ್ಕಾರ ದರಕ್ಕೆ ತಡೆ ಹಾಕಿತು, ಸಾಧಾರಣ ಮನೆಗೆ ವರ್ಷಕ್ಕೆ 2,500 ಪೌಂಡ್ ಲೆಕ್ಕದಲ್ಲಿ. ಕರೆಂಟ್ ಸುಮಾರು 34 ಪೆನ್ಸ್, ಗ್ಯಾಸ್ 10 ಚಿಲ್ಲರೆ. ಜೊತೆಗೆ ಪ್ರತಿ ಮನೆಗೆ 400 ಪೌಂಡ್, ಆರು ಕಂತಿನಲ್ಲಿ.

ಫಿಕ್ಸ್ ಮಾಡಿದವರಿಗೂ ರಿಯಾಯಿತಿ ಸಿಕ್ಕಿತು, ಕರೆಂಟಿಗೆ ಯೂನಿಟ್ಟಿಗೆ 17 ಪೆನ್ಸ್‌ವರೆಗೆ. ಆದರೆ 56ರಲ್ಲಿ 17 ಕಳೆದರೂ 39. ಮುಂದೆ 2023ರ ಜುಲೈನಲ್ಲಿ ವೇರಿಯಬಲ್ ದರ ಸುಮಾರು 30 ಪೆನ್ಸ್‌ಗೆ ಇಳಿದಾಗ ಆ ರಿಯಾಯಿತಿಯೂ ನಿಂತಿತು. ಆ ರಾತ್ರಿ ಒಪ್ಪಿಕೊಂಡಿದ್ದರೆ ಆಗ ಪೂರ್ತಿ 56 ಕಟ್ಟಬೇಕಿತ್ತು, ಇಲ್ಲವೇ ಎಕ್ಸಿಟ್ ಫೀ ಕೊಟ್ಟು ಹೊರಗೆ ಬರಬೇಕಿತ್ತು. ನಾವು ಉಳಿದುಕೊಂಡಿದ್ದು ಜಾಣತನದಿಂದ ಅಂತ ನಾನು ಹೇಳೋದಿಲ್ಲ, ಸರ್ಕಾರ ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೇನೆ. ಬೆಲೆ ತುದಿಗೆ ಹೋದಾಗ ಹೆದರಿಕೆಯಲ್ಲಿ ಸಿಗುವ ಫಿಕ್ಸ್‌ನಲ್ಲಿ ಆ ಹೆದರಿಕೆಯೂ ಸೇರಿರುತ್ತದೆ, ಕಂಪನಿಯವರಿಗೂ ಭಯ ಇರುತ್ತದಲ್ಲ.

ಆ ಚಳಿಗಾಲ ಸಂಜೆ ಒಂದೇ ರೂಮಿಗೆ ಹೀಟಿಂಗ್. ಮಕ್ಕಳ ಹೋಮ್‌ವರ್ಕ್, ನನ್ನ ಆಫೀಸ್ ಕೆಲಸ, ಊಟ ಎಲ್ಲಾ ಅಲ್ಲೇ.

2024ರ ಆಗಸ್ಟ್‌ನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಆಗ ಕ್ಯಾಪ್ ದರ ಕರೆಂಟಿಗೆ 22.36 ಪೆನ್ಸ್, ಗ್ಯಾಸಿಗೆ 5.48. ನಮಗೆ ಸಿಕ್ಕ ಫಿಕ್ಸ್ 23.1 ಮತ್ತು 5.9, ಸ್ಟ್ಯಾಂಡಿಂಗ್ ಚಾರ್ಜ್ ಹೆಚ್ಚುಕಮ್ಮಿ ಒಂದೇ. ಈ ಸಲ ಹಳೆಯ ಬಿಲ್ ತೆಗೆದು ನಮ್ಮ ವರ್ಷದ ಯೂನಿಟ್ ನೋಡಿದೆ: ಕರೆಂಟ್ 3,100, ಗ್ಯಾಸ್ 9,800. ದರ ಹಾಗೇ ನಿಂತರೆ ಫಿಕ್ಸ್‌ನಿಂದ ವರ್ಷಕ್ಕೆ 64 ಪೌಂಡ್ ನಷ್ಟ. ಅಕ್ಟೋಬರ್‌ಗೆ ಹೇಳಿದ್ದ 24.50 ಮತ್ತು 6.24ಕ್ಕೆ ಹೋದರೆ 77 ಪೌಂಡ್ ಲಾಭ. ನನ್ನ ಮನಸ್ಸು ಗಟ್ಟಿಯಾಗಿದ್ದು ಇನ್ನೊಂದು ಕಾರಣಕ್ಕೆ. ನಮ್ಮ ಗ್ಯಾಸಿನಲ್ಲಿ ಮುಕ್ಕಾಲು ಭಾಗ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಖರ್ಚಾಗುತ್ತದೆ. ಬಾಯ್ಲರ್ ಸ್ನಾನಕ್ಕೆ ಮಾತ್ರ ಉರಿಯುವ ಜುಲೈನಲ್ಲಿ ದರ ಇಳಿದರೆ ನಮಗೆ ಏನು ಸಿಕ್ಕ ಹಾಗಾಯಿತು? ಫಿಕ್ಸ್ ಮಾಡಿದೆವು. ಮುಂದಿನ ಏಪ್ರಿಲ್‌ಗೆ ಕರೆಂಟ್ 27 ಪೆನ್ಸ್, ಗ್ಯಾಸ್ 7ರ ಹತ್ತಿರ ಹೋಯಿತು. ವರ್ಷ ಮುಗಿದಾಗ ಸುಮಾರು 110 ಪೌಂಡ್ ಉಳಿದಿತ್ತು. ದೊಡ್ಡ ಮೊತ್ತ ಅಲ್ಲ, ಆದರೆ ಆ ವರ್ಷ ಪ್ರತಿ ಮೂರು ತಿಂಗಳಿಗೆ ನಾನು ಸುದ್ದಿ ನೋಡಿ ಹೊಟ್ಟೆ ಹಿಂಡಿಸಿಕೊಳ್ಳಲಿಲ್ಲ. ಅದರ ಬೆಲೆ ನನಗೆ 110ಕ್ಕಿಂತ ಜಾಸ್ತಿ.

ಈಗ ಈ ಹುಡುಗಿಯ ವಿಷಯ. 2025ರ ಅಕ್ಟೋಬರ್‌ಗೆ ಕ್ಯಾಪ್ ನೂರಕ್ಕೆ 2ರಷ್ಟು ಏರುತ್ತದೆ ಅಂತ ಸುದ್ದಿ ಬಂದಿತ್ತು, 1,720ರಿಂದ 1,755. ಒಳಗೆ ನೋಡಿದರೆ ಗ್ಯಾಸಿನ ಯೂನಿಟ್ ದರ 6.33ರಿಂದ 6.29ಕ್ಕೆ ಚೂರು ಇಳಿದಿತ್ತು! ಏರಿದ್ದು ಕರೆಂಟ್, 25.73ರಿಂದ 26.35ಕ್ಕೆ, ಜೊತೆಗೆ ಸ್ಟ್ಯಾಂಡಿಂಗ್ ಚಾರ್ಜ್. (ಈ ಸ್ಟ್ಯಾಂಡಿಂಗ್ ಚಾರ್ಜ್ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಆಗ ಎರಡೂ ಸೇರಿ ದಿನಕ್ಕೆ 87 ಪೆನ್ಸ್ ದಾಟಿತ್ತು. ಒಂದು ಬಲ್ಬ್ ಹಾಕದಿದ್ದರೂ ವರ್ಷಕ್ಕೆ 320 ಪೌಂಡ್. ಒಬ್ಬರೇ ಇರುವ ಮುದುಕರು ಎಷ್ಟು ಉಳಿಸಿದರೂ ಇದನ್ನು ಉಳಿಸೋಕಾಗಲ್ಲ.) ಇವಳ ಫ್ಲ್ಯಾಟಿನಲ್ಲಿ ಗ್ಯಾಸೇ ಇರಲಿಲ್ಲ. ಹೀಟರ್, ಬಿಸಿನೀರು, ಒಲೆ ಎಲ್ಲಾ ಕರೆಂಟ್. ಅಂದರೆ ಪೇಪರಿನ 1,755 ಅವಳಿಗೆ ಸಂಬಂಧವೇ ಇಲ್ಲದ ಅಂಕಿ.

ಆ ಶನಿವಾರ ಮನೆಗೆ ಕರೆದೆ. ಬಂದಳು, ಚಿತ್ರಾನ್ನ ತಿಂದು ಫೋನಿನಲ್ಲಿ ಬಿಲ್ ತೆಗೆದಳು. ಒಂದು ವರ್ಷದ ಅಂದಾಜು 4,000 ಯೂನಿಟ್. ಅವಳಿಗೆ ಸಿಕ್ಕಿದ್ದು 24.9 ಪೆನ್ಸ್‌ನ ಫಿಕ್ಸ್, ಎಕ್ಸಿಟ್ ಫೀ 50 ಪೌಂಡ್. ಕ್ಯಾಪ್ ಅಕ್ಟೋಬರ್ ದರದಲ್ಲೇ ನಿಂತರೆ ವರ್ಷಕ್ಕೆ 58 ಪೌಂಡ್ ಉಳಿಯುತ್ತದೆ. ಆದರೆ ಬಾಡಿಗೆ ಕರಾರು ಇನ್ನು ಹತ್ತೇ ತಿಂಗಳು. ಮಧ್ಯದಲ್ಲಿ ಮನೆ ಬಿಟ್ಟು ಫೀ ಕಟ್ಟಬೇಕಾಗಿ ಬಂದರೆ ಉಳಿದಿದ್ದೆಲ್ಲಾ ಅಲ್ಲೇ ಹೋಗುತ್ತದೆ. ಹುಡುಕಿದಾಗ ಎಕ್ಸಿಟ್ ಫೀ ಇಲ್ಲದ 25.3ರದ್ದು ಒಂದು ಸಿಕ್ಕಿತು. 58ರ ಬದಲು 42 ಪೌಂಡ್, ಆದರೆ ಕಟ್ಟುಪಾಡಿಲ್ಲ.

ಅರ್ಧ ಗಂಟೆಗೊಮ್ಮೆ ದರ ಬದಲಾಗುವ ಪ್ಲ್ಯಾನ್ ಹೇಗೆ ಅಂತಲೂ ಕೇಳಿದಳು. ಸ್ಮಾರ್ಟ್ ಮೀಟರ್ ಇದ್ದವರಿಗೆ ಅದೂ ಇದೆ, ರಾತ್ರಿ ಗಾಡಿ ಚಾರ್ಜ್ ಮಾಡುವವರಿಗೆ ಒಳ್ಳೆಯದು. ಆದರೆ ಅದರಲ್ಲಿ ಸಾಮಾನ್ಯವಾಗಿ ತುಂಬಾ ದುಬಾರಿ ಹೊತ್ತು ಸಂಜೆ 4ರಿಂದ 7. ನಮ್ಮ ಮನೆಗಳಲ್ಲಿ ಸಾರು ಕುದಿಯೋದು, ಕುಕ್ಕರ್ ಕೂಗೋದು, ಮಕ್ಕಳಿಗೆ ಚಪಾತಿ ಬೇಯೋದು ಆಗಲೇ. ನಾನು ಬೇಡ ಅಂದೆ.

ಕೈಯಲ್ಲಿ ಉಳಿತಾಯ ಇದ್ದು, ಒಂದು ಚಳಿಗಾಲದಲ್ಲಿ 200 ಪೌಂಡ್ ಜಾಸ್ತಿ ಬಂದರೂ ತಡೆದುಕೊಳ್ಳುವವರು ವೇರಿಯಬಲ್‌ನಲ್ಲಿ ಇದ್ದು ನೋಡಬಹುದು. ತಿಂಗಳ ಕೊನೆಗೆ ಏನೂ ಉಳಿಯದ ಮನೆಗೆ, ಅದರಲ್ಲೂ ಹೊಸದಾಗಿ ಬಂದವರಿಗೆ, ಫಿಕ್ಸ್ ದರ ಕ್ಯಾಪ್‌ಗಿಂತ ಕಡಿಮೆ ಅಥವಾ ಅದರ ಆಸುಪಾಸು ಇದ್ದರೆ ತಗೊಳ್ಳಿ ಅಂತಲೇ ನಾನು ಹೇಳೋದು. ದರ ಊರಿಂದ ಊರಿಗೆ ಬದಲಾಗುತ್ತದೆ, ನಿಮ್ಮ ಪೋಸ್ಟ್‌ಕೋಡ್ ಹಾಕಿಯೇ ನೋಡಿ.

ಅವಳು ಫೀ ಇಲ್ಲದ್ದನ್ನೇ ಆರಿಸಿದಳು. ಮನಸ್ಸು ಬದಲಾದರೆ 14 ದಿನದೊಳಗೆ ಬಿಡಬಹುದು ಅಂತ ಹೇಳಿದೆ. ಮೀಟರಿನ ಫೋಟೋ ತೆಗೆದಿಟ್ಟುಕೋ ಅಂತಲೂ ಹೇಳಿದೆ, ದರ ಬದಲಾಗುವ ದಿನದ ರೀಡಿಂಗ್ ಇಲ್ಲದಿದ್ದರೆ ಅವರ ಅಂದಾಜೇ ಲೆಕ್ಕಕ್ಕೆ ಬರುತ್ತದೆ. ಫಿಕ್ಸ್‌ನ ಕೊನೆಯ 49 ದಿನಗಳಲ್ಲಿ ಎಕ್ಸಿಟ್ ಫೀ ಇಲ್ಲದೆ ಬೇರೆ ಕಡೆ ಹೋಗಬಹುದು, ಅವಳದಕ್ಕೆ ಫೀ ಇಲ್ಲದಿದ್ದರೂ ಆ ದಿನ ಮತ್ತೆ ದರ ನೋಡಲಿ ಅಂತ ಫೋನಿನಲ್ಲಿ ತಾರೀಖು ಗುರುತು ಹಾಕಿಸಿ, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕೊಟ್ಟು ಬಸ್ ಹತ್ತಿಸಿ ಬಂದೆ.