ಮದರ್ ಹೌಸ್‌ನ ನೆಲದ ಮೇಲೆ

ಕೋಲ್ಕತ್ತಾಕ್ಕೆ ಹೋದರೆ ಗುರುವಾರ ಮಾತ್ರ ಮದರ್ ತೆರೇಸಾ ಅವರ ಮಠ, ಮದರ್ ಹೌಸ್ ಕಡೆ ಹೋಗಬೇಡಿ. ಅವತ್ತು ನೋಡಲು ಬರುವವರಿಗೆ ಬಾಗಿಲು ತೆರೆಯುವುದಿಲ್ಲ. ತಂಗಿದ್ದ ಕಡೆ ಕೇಳಿದ್ದೆ. "ದಿನಾ ಇರುತ್ತೆ, ಹೋಗಿ" ಅಂದಿದ್ದರು. ಅಷ್ಟು ದೂರ ರೈಲಿನಲ್ಲಿ ಕೂತು ಬಂದವಳು, ಎ.ಜೆ.ಸಿ. ಬೋಸ್ ರಸ್ತೆ ಪಕ್ಕದ ಆ ಗಲ್ಲಿಯಲ್ಲಿ ನಿಂತು ಅತ್ತುಬಿಟ್ಟೆ.

ಬರೀ ಒಂದು ಬಾಗಿಲಿಗೆ ಅಷ್ಟು ಅಳು ಬರುವುದಿಲ್ಲ ಅಲ್ವಾ. ಮೂರು ವರ್ಷದಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಹೀಗೇ ಆಗುತ್ತಿತ್ತು. ತಟ್ಟುತ್ತೇನೆ, ಒಳಗಿಂದ ಸದ್ದೇ ಇಲ್ಲ. ಜಪಸರದ ಮಣಿ ಬೆರಳಲ್ಲಿ ಸರಿಯುತ್ತಿತ್ತು, ಮನಸ್ಸು ಒಣಗಿತ್ತು. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವಾಗ ಹೇಳುವ 'ಆಮೆನ್' ಕೂಡ ತುಟಿ ದಾಟುತ್ತಿರಲಿಲ್ಲ. ಏನೋ ಪಾಪ ಮಾಡಿದ್ದೀಯ, ನಂಬಿಕೆ ಸಾಲದು ಅಂತೆಲ್ಲ ಹೇಳಿದವರಿದ್ದರು. ಆ ಮಾತು ಇವತ್ತಿಗೂ ನೋಯುತ್ತದೆ.

ಶುಕ್ರವಾರ ಮತ್ತೆ ಹೋದೆ. ಮದರ್ ತೆರೇಸಾ ಅವರ ಸಮಾಧಿ ನೆಲಮಹಡಿಯಲ್ಲೇ ಇದೆ. ಬಿಳಿ, ಸಾದಾ, ಮೇಲೆ ಹೂವಿನ ಎಸಳು. ಕಡಿದಾದ ಮೆಟ್ಟಿಲು ಹತ್ತಿದರೆ ಅವರ ಕೋಣೆ. ಬಾಗಿಲ ಹೊರಗೇ ನಿಂತು ನೋಡಬೇಕು. ಕಿರಿದಾದ ಮಂಚ, ಮೇಜು, ಗೋಡೆಯ ಮೇಲೆ ಮುಳ್ಳಿನ ಕಿರೀಟ. ಫ್ಯಾನ್ ಇಲ್ಲ, ಕೆಳಗೇ ಅಡುಗೆಮನೆ. ಇಲ್ಲೇ 1997ರಲ್ಲಿ ಅವರು ತೀರಿಕೊಂಡದ್ದು. ದೊಡ್ಡ ದೊಡ್ಡ ಬೆಸಿಲಿಕಾಗಳ ಚಿನ್ನದ ಬಣ್ಣ ನನಗೆ ಯಾವತ್ತೂ ಹಿಡಿಸಿಲ್ಲ. ಈ ಕೋಣೆ ಬಿಟ್ಟು ಕದಲಲು ಮನಸ್ಸೇ ಬರಲಿಲ್ಲ.

1946ರಲ್ಲಿ ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಅವರಿಗೆ ದೇವರ ಕರೆ ಸಿಕ್ಕಿತು. ಕಾನ್ವೆಂಟ್ ಬಿಟ್ಟು ಬೀದಿಗಿಳಿದು ಕೆಲಸ ಶುರುಮಾಡಿದ ಮೇಲೆ ಒಳಗೆ ಕತ್ತಲು ಕವಿಯಿತು, ದೇವರೇ ಇಲ್ಲವೇನೋ ಅನಿಸುವಂಥ ಕತ್ತಲು. 1958ರಲ್ಲಿ ಕೆಲವು ವಾರ ತಿಳಿಯಾಯಿತು, ಮತ್ತೆ ಕವಿಯಿತು. 1979ರಲ್ಲಿ ನೊಬೆಲ್ ಬಂದಾಗಲೂ ಒಳಗೆ ಅದೇ ಕತ್ತಲು. ತಮ್ಮ ಗುರುಗಳಿಗೆ ಬರೆದ ಪತ್ರಗಳನ್ನು ಸುಟ್ಟುಬಿಡಿ ಅಂತ ಕೇಳಿಕೊಂಡಿದ್ದರು. ಆದರೂ ಹಲವು ಪತ್ರಗಳು ಉಳಿದವು. ಹಾಗಾಗಿಯೇ ನಮಗೆ ಇದೆಲ್ಲ ಗೊತ್ತಾದದ್ದು.

ಮಹಡಿಯ ಪ್ರಾರ್ಥನಾಲಯದಲ್ಲಿ ಬೆಂಚಿಲ್ಲ, ನೆಲದ ಮೇಲೆ ಕೂರಬೇಕು. ಶಿಲುಬೆಯ ಪಕ್ಕ 'ನನಗೆ ದಾಹವಾಗಿದೆ' ಎಂಬ ಯೇಸುವಿನ ಮಾತು, ಇಂಗ್ಲಿಷಿನಲ್ಲಿ. ಮದರ್ ಕೂರುತ್ತಿದ್ದ ಜಾಗದಲ್ಲಿ ಈಗ ಅವರದೇ ಪ್ರತಿಮೆ. ಹತ್ತಿರದಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಕಿಟಕಿ ಒರೆಸುತ್ತಿದ್ದರು. ನನ್ನ ಅರೆಬರೆ ಹಿಂದಿಯಲ್ಲೇ ಕೇಳಿದೆ.

"ಸಿಸ್ಟರ್, ಮದರ್‌ಗೆ ಹಾಗಾಗಿತ್ತು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ ಬೇಟಿ. ಪತ್ರಗಳು ಹೊರಗೆ ಬಂದಾಗಲೇ ಗೊತ್ತಾಗಿದ್ದು. ನಾನು ತುಂಬ ಅತ್ತೆ. ಪಕ್ಕದಲ್ಲೇ ಕೂತಿರುತ್ತಿದ್ದೆವಲ್ಲ."

ನನ್ನ ಮೂರು ವರ್ಷದ ಕತೆ ಹೇಳಿದೆ. ಅವರು ಬಟ್ಟೆ ಮಡಚಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು. ಸಮಾಧಾನದ ಮಾತು ಬರುತ್ತೆ ಅಂದುಕೊಂಡೆ. "ಬೈಬಲ್‌ನ ಕೀರ್ತನೆ 88 ಓದಿದ್ದೀಯಾ?" ಅಂದರು.

ಇಲ್ಲ ಅಂದೆ.

"ಅದು ಕತ್ತಲಲ್ಲೇ ಮುಗಿಯುತ್ತೆ. ಕೊನೆಯಲ್ಲಿ ಸ್ತೋತ್ರವಿಲ್ಲ, ಬೆಳಕಿಲ್ಲ. ಆದರೂ ಅಷ್ಟೂ ಮಾತು ದೇವರ ಹತ್ತಿರವೇ ಆಡಿದ್ದು. ಬೇರೆ ಯಾರ ಹತ್ತಿರವೂ ಹೋಗಲಿಲ್ಲ, ನೋಡು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೊಯ್ನರ್ ಅಂತ ಜೆಸ್ವಿತ್ ಫಾದರ್ ಇದ್ದರು. ದೇವರಿಗಾಗಿ ಇಷ್ಟು ಹಂಬಲ ಇರುವುದೇ ದೇವರು ಒಳಗಿರುವ ಗುರುತು ಅಂತ ಅವರು ಮದರ್‌ಗೆ ತಿಳಿಸಿಕೊಟ್ಟರು. ಆಮೇಲೂ ಕತ್ತಲು ಹೋಗಲಿಲ್ಲ. ಅದರ ಮೇಲಿದ್ದ ಭಯ ಹೋಯಿತು" ಅಂದರು. ನನ್ನ ಕೈ ಹಿಡಿದರು. ಅವರ ಬೆರಳು ಒದ್ದೆಯಾಗಿತ್ತು, ಸೋಪಿನ ವಾಸನೆ. "ಇಷ್ಟು ದೂರ ಯಾಕೆ ಬಂದೆ? ದೇವರು ಬೇಡವಾಗಿದ್ದರೆ ಬರುತ್ತಿದ್ದೆಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಎದ್ದು ಮತ್ತೆ ಕಿಟಕಿ ಒರೆಸತೊಡಗಿದರು.

ಉಳಿದ ದಿನ ಊರೆಲ್ಲ ಸುತ್ತಿದೆ, ಏನೂ ನೆನಪಿಲ್ಲ. ರಾತ್ರಿ ಕೀರ್ತನೆ 88 ಮೂರು ಸಲ ಓದಿದೆ.

ಶನಿವಾರ ಬೆಳಗ್ಗೆ ಆರಕ್ಕೆ ಅಲ್ಲೇ ಬಲಿಪೂಜೆ, ಅಂದರೆ ಚರ್ಚಿನ ಮಾಸ್. ತೆರೆದ ಕಿಟಕಿಯಿಂದ ಬಸ್ಸಿನ ಹಾರ್ನ್ ನುಗ್ಗುತ್ತಿತ್ತು, ಫಾದರ್ ಓದಿದ್ದು ಅರ್ಧ ಕೇಳಲೇ ಇಲ್ಲ. ಮಂಡಿ ನೋಯುತ್ತಿತ್ತು. ಒಳಗೆ ಏನೂ ಆಗಲಿಲ್ಲ, ಎಂದಿನಂತೆ ಒಣ. ಸರದಿ ಬಂತು. ಫಾದರ್ ರೊಟ್ಟಿ ಎತ್ತಿ "ಕ್ರಿಸ್ತರ ಶರೀರ" ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. "ಆಮೆನ್" ಅಂದೆ. ನನ್ನ ಕಿವಿಗೂ ಕೇಳಿಸಿತು.